ಮೂರು ವರ್ಷದ ಭಾನುವಾರಗಳು

ಚದುರಂಗದ ಹಲಗೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ದುಪ್ಪಟ್ಟು ಕೇಳುತ್ತ ರಾಜನ ಕಣಜವನ್ನೇ ಬರಿದು ಮಾಡಿದವನ ಕಥೆ ತಮಗೆಲ್ಲ ಗೊತ್ತು. ಆ ಹಲಗೆಗೆ 64 ಮನೆ. ಇನ್ನು ಮೂರು ಮನೆ ಸೇರಿಸಿದರೆ ಒಟ್ಟು ಕಾಳು 14,75,73,95,25,89,67,64,12,927. ಅಂದರೆ ಎರಡನ್ನು 67 ಬಾರಿ ಗುಣಿಸಿ ಒಂದು ಕಳೆದದ್ದು. ಇಂದಿನ ಮಾತು ಈ 21 ಅಂಕಿಗಳ ಸಂಖ್ಯೆಯದು.

1644ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್ ಇದನ್ನು ಅವಿಭಾಜ್ಯ ಎಂದ. ಅಂದರೆ 1 ಮತ್ತು ತನ್ನನ್ನು ಬಿಟ್ಟರೆ ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆ. ಸಾಧನೆ ಕೊಡಲಿಲ್ಲ. ಆದರೂ ಆ ಮಾತು 232 ವರ್ಷ ನಿಂತಿತು. 1876ರಲ್ಲಿ ಅದೇ ದೇಶದ ಲುಕಾ ಇದು ಅವಿಭಾಜ್ಯವಲ್ಲ ಎಂದು ತೋರಿಸಿದ. ಮರ್ಸೆನ್ ಬರೆದದ್ದು 61, ಅಚ್ಚಿನಲ್ಲಿ 67 ಆಗಿದೆ ಎಂದು ಸಮರ್ಥಿಸಿದವರೂ ಉಂಟು. ಅವನ ಪಟ್ಟಿಯಲ್ಲಿ 89, 107 ಬಿಟ್ಟುಹೋಗಿವೆ, 257 ತಪ್ಪಾಗಿ ಸೇರಿದೆ. ಎಲ್ಲವನ್ನೂ ಮೊಳೆ ಜೋಡಿಸುವವನ ತಲೆಗೆ ಕಟ್ಟುವುದು ನ್ಯಾಯವಲ್ಲ.

ವಿಚಿತ್ರವೆಂದರೆ, ಸಂಖ್ಯೆ ಒಡೆಯುತ್ತದೆ ಎಂದ ಲುಕಾಗೆ ಅದರ ತುಂಡುಗಳು ಯಾವುವೆಂದು ತಿಳಿದಿರಲಿಲ್ಲ. ಅವನ ವಿಧಾನವನ್ನು ಮುಂದೆ ಲೆಮರ್ ಸರಳಗೊಳಿಸಿದ. 4ರಿಂದ ಆರಂಭಿಸಿ, ವರ್ಗ ಮಾಡಿ 2 ಕಳೆಯಿರಿ. ಬಂದದ್ದನ್ನು ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಹೀಗೆ 65 ಸಲ ಮಾಡಿದ ಮೇಲೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ. ಇಲ್ಲಿ ಸೊನ್ನೆ ಬರುವುದಿಲ್ಲ. ಕಳವಾಗಿದೆ ಎಂಬುದು ಖಚಿತ, ಕಳ್ಳನ ಸುಳಿವಿಲ್ಲ.

ಸುಳಿವು ಸಿಕ್ಕಿದ್ದು 1903ರ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನಲ್ಲಿ ನಡೆದ ಅಮೆರಿಕನ್ ಗಣಿತ ಸಂಘದ ಸಭೆಯಲ್ಲಿ. ಪ್ರಬಂಧ ಓದಬೇಕಿದ್ದ ಪ್ರಾಧ್ಯಾಪಕ ಫ್ರಾಂಕ್ ನೆಲ್ಸನ್ ಕೋಲ್ ತುಟಿ ಬಿಚ್ಚಲಿಲ್ಲವಂತೆ. ಕಪ್ಪು ಹಲಗೆಯ ಒಂದು ಬದಿಯಲ್ಲಿ ಎರಡರ ಘಾತವನ್ನು ಲೆಕ್ಕ ಹಾಕಿ ಒಂದು ಕಳೆದ. ಇನ್ನೊಂದು ಬದಿಯಲ್ಲಿ 19,37,07,721 ಮತ್ತು 7,61,83,82,57,287 ಬರೆದು ಕೈಯಲ್ಲೇ ಗುಣಿಸಿದ. ಎರಡು ಉತ್ತರವೂ ಒಂದೇ. ಸುಮ್ಮನೆ ಹೋಗಿ ಕುಳಿತ. ಸಭೆ ಚಪ್ಪಾಳೆ ತಟ್ಟಿತು. ತುಂಡು ಹುಡುಕಲು ಮೂರು ವರ್ಷದ ಭಾನುವಾರಗಳು ಹಿಡಿದವೆಂದು ಕೋಲ್ ಹೇಳಿದ್ದಾಗಿ ಗಣಿತಜ್ಞ ಬೆಲ್ ಬರೆದಿದ್ದಾನೆ. ಬೆಲ್ ಕಥೆಗೆ ಉಪ್ಪು ಖಾರ ಹಚ್ಚುವವನೇ. ಆದರೆ ಗುಣಾಕಾರಕ್ಕೆ ಸಾಕ್ಷಿ ಬೇಡ, ಯಾರು ಬೇಕಾದರೂ ಮಾಡಿ ನೋಡಬಹುದು.

ಅಷ್ಟು ಭಾನುವಾರಗಳು ಹೋದದ್ದೆಲ್ಲಿ? ಈ ಸಂಖ್ಯೆಯ ಯಾವ ತುಂಡನ್ನೇ ಆಗಲಿ 134ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಹಾಗಾಗಿ ಹುಡುಕಬೇಕಾದದ್ದು 135, 269, 403 ಎಂಬ ಸಾಲಿನಲ್ಲಿ ಮಾತ್ರ. ಅನುಕೂಲವೇ, ಆದರೆ ಚಿಕ್ಕ ತುಂಡು ಆ ಸಾಲಿನಲ್ಲಿ 14,45,580ನೆಯದು! ವರ್ಗಗಳು ಬಿಡುವ ಶೇಷಗಳನ್ನು ಪರಿಶೀಲಿಸಿ, ಆಗದವನ್ನು ಗುಂಪುಗುಂಪಾಗಿ ಕೈಬಿಡುತ್ತ ಕೋಲ್ ದಾರಿ ಕಿರಿದು ಮಾಡಿಕೊಂಡ.

ಗುಣಿಸಲು ಹೈಸ್ಕೂಲು ಹುಡುಗಿಗೆ ಅರ್ಧ ಗಂಟೆ ಸಾಕು. ಒಡೆಯಲು ಮೂರು ವರ್ಷ. ಈ ಅಂತರವನ್ನೇ ನಂಬಿ 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಗುಪ್ತಲಿಪಿಯ ಬೀಗವೊಂದನ್ನು ಮಾಡಿದರು. ಕೋಲ್‌ನ ಸಂಖ್ಯೆಯನ್ನು ಇಂದಿನ ಕಂಪ್ಯೂಟರ್ ಕಣ್ಣು ಮಿಟುಕಿಸುವುದರೊಳಗೆ ಒಡೆಯುತ್ತದೆ. ಅದಕ್ಕೇ ಆ ಬೀಗಕ್ಕೆ ಈಗ 617 ಅಂಕಿಗಳ ಸಂಖ್ಯೆ ಬಳಸುತ್ತಾರೆ.