ಹಲ್ಲು ಜುಂ ಎಂದರೆ ಕೀಳಿಸಬೇಕೆ?

ನಾಲಿಗೆಯ ಸುಖವನ್ನು ದಾವಣಗೆರೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಬಿಸಿ ಬೆಣ್ಣೆದೋಸೆ, ಸಂಜೆ ಮಂಡಕ್ಕಿ-ಮಿರ್ಚಿ, ಬೇಸಿಗೆ ಬಂತೆಂದರೆ ನಿಂಬೆ ಹಿಂಡಿದ ತಣ್ಣನೆಯ ಕಬ್ಬಿನಹಾಲು. ಆದರೆ ಇದೇ ಊರಿನಲ್ಲಿ, ಪಕ್ಕದ ಹರಿಹರದಲ್ಲಿ, ತಣ್ಣೀರಿನ ಲೋಟ ತುಟಿಗೆ ತಾಗುತ್ತಲೇ ಮುಖ ಹಿಂಡಿಕೊಂಡು ಕೆನ್ನೆ ಒತ್ತಿ ಹಿಡಿಯುವವರೂ ಇದ್ದಾರೆ. ಕೇಳಿದರೆ, "ಏನಿಲ್ಲ, ಹಲ್ಲು ಜುಂ ಅಂತು" ಎನ್ನುತ್ತಾರೆ. ಬಹುಶಃ ನೀವೂ ಅವರಲ್ಲಿ ಒಬ್ಬರಿರಬಹುದು.

ಹರಿಹರದಲ್ಲಿರುವ ನನ್ನ ದೊಡ್ಡಮ್ಮ ಅಂಥವರಲ್ಲಿ ಒಬ್ಬರು. ಒಂದು ದಿನ ಫೋನಿನಲ್ಲಿ ಹೇಳಿದರು: "ಏನಪ್ಪಾ, ಟೀವಿಯಲ್ಲಿ ಊರಿಗೆಲ್ಲ ಬುದ್ಧಿ ಹೇಳಿಸ್ತೀಯ, ನನ್ನ ಹಲ್ಲಿಗೊಂದು ದಾರಿ ಹೇಳು. ಇಲ್ಲದಿದ್ರೆ ಕೀಳಿಸಿಬಿಡ್ತೀನಿ." ಬಿ.ಎಸ್‌ಸಿ. ಓದಿದ್ದೇನೆ, ಆರೋಗ್ಯದ ಕಾರ್ಯಕ್ರಮಗಳನ್ನು ನಿರ್ಮಿಸಿದ್ದೇನೆ ಎಂಬ ಧೈರ್ಯದಿಂದ ನಾನು ಕೂತಲ್ಲಿಂದಲೇ ಒಂದು ಟೂತ್‌ಪೇಸ್ಟಿನ ಹೆಸರು ಹೇಳಿದೆ. ಅದು ಅರ್ಧ ಸರಿ, ಅರ್ಧ ತಪ್ಪು. ಹೇಗೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಈ 'ಜುಂ' ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ.

ಹಲ್ಲಿನ ಹೊರಗವಚಕ್ಕೆ ಎನಾಮಲ್ ಎಂದು ಹೆಸರು. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಬೇರೊಂದಿಲ್ಲ. ಅದರಲ್ಲಿ ನರವಿಲ್ಲ, ನೋವೂ ಇಲ್ಲ. ಅದರ ಒಳಗಿರುವುದು ಡೆಂಟಿನ್. ಇದು ಒಂದೇ ಗಟ್ಟಿ ಪದರವಲ್ಲ. ಇದರ ತುಂಬ ಸೂಕ್ಷ್ಮ ಕೊಳವೆಗಳಿವೆ. ಒಂದು ಚದರ ಮಿಲಿಮೀಟರ್ ಜಾಗದಲ್ಲಿ ಇಂಥ ಕೊಳವೆಗಳು ಹತ್ತಾರು ಸಾವಿರ. ಒಂದೊಂದರ ಅಗಲ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ಕೊಳವೆಯ ಒಳಗೆ ದ್ರವವಿರುತ್ತದೆ, ಒಳತುದಿಯಲ್ಲಿ ನರದ ಎಳೆಗಳಿರುತ್ತವೆ.

ಎನಾಮಲ್ ಸವೆದಾಗ, ಅಥವಾ ವಸಡು ಕೆಳಗೆ ಸರಿದು ಹಲ್ಲಿನ ಬುಡ ಬಯಲಾದಾಗ, ಈ ಕೊಳವೆಗಳ ಬಾಯಿ ತೆರೆದುಕೊಳ್ಳುತ್ತದೆ. ತಣ್ಣೀರು ತಾಗಿದೊಡನೆ ಒಳಗಿನ ದ್ರವ ಚಲಿಸುತ್ತದೆ. ಆ ಚಲನೆಯೇ ನರವನ್ನು ಮೀಟುತ್ತದೆ. ಸಿಹಿ ತಿಂದರೂ, ತಣ್ಣನೆಯ ಗಾಳಿ ಎಳೆದುಕೊಂಡರೂ ಆಗುವುದು ಇದೇ. ಸ್ವೀಡನ್ನಿನ ದಂತವಿಜ್ಞಾನಿ ಬ್ರೆನ್‌ಸ್ಟ್ರಾಮ್ 1960ರ ದಶಕದಲ್ಲಿ ಪ್ರಯೋಗಗಳ ಮೂಲಕ ಈ ವಿವರಣೆಯನ್ನು ಬಲಪಡಿಸಿದರು.

ಇಲ್ಲಿ ನಾವು ಕಾಲೇಜಿನಲ್ಲಿ ಕಲಿತ ಭೌತಶಾಸ್ತ್ರದ ಒಂದು ನಿಯಮ ನೆರವಿಗೆ ಬರುತ್ತದೆ. ಕೊಳವೆಯ ಅಗಲ ಎರಡರಷ್ಟಾದರೆ ಅದರೊಳಗಿನ ಹರಿವು ಎರಡರಷ್ಟಲ್ಲ, ಹದಿನಾರರಷ್ಟಾಗುತ್ತದೆ. ಇದು ಪಾಯ್ಸೆಲ್ಲಿ ಎಂಬ ಫ್ರೆಂಚ್ ವಿಜ್ಞಾನಿಯ ನಿಯಮ. ಜುಂ ಎನ್ನುವ ಹಲ್ಲಿನ ಕೊಳವೆಗಳು ಸಂಖ್ಯೆಯಲ್ಲೂ ಹೆಚ್ಚು ತೆರೆದಿರುತ್ತವೆ, ಅಗಲವೂ ಆಗಿರುತ್ತವೆ ಎಂದು ಸೂಕ್ಷ್ಮದರ್ಶಕದ ಅಧ್ಯಯನಗಳು ತೋರಿಸಿವೆ. ಸಂಕಟಕ್ಕೆ ಕಾರಣವಾದ ಈ ನಿಯಮದಲ್ಲೇ ಸಮಾಧಾನವೂ ಇದೆ. ಕೊಳವೆಯ ಬಾಯಿ ಅರ್ಧದಷ್ಟು ಕಿರಿದಾದರೆ ಸಾಕು, ಹರಿವು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಎಂದರೆ, ಹಲ್ಲನ್ನು ಕೊರೆಯದೆ, ಕೀಳದೆ, ಸೂಜಿಯನ್ನೂ ಚುಚ್ಚದೆ, ಆ ಬಾಯಿಗಳನ್ನು ಮುಚ್ಚಿದರೆ ಬಹುಪಾಲು ಕೆಲಸವಾದಂತೆಯೇ.

ಈ ಮುಚ್ಚುವ ಕೆಲಸವನ್ನು ನಮ್ಮ ಜೊಲ್ಲು ದಿನವೂ ಮಾಡುತ್ತಿರುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್‌ಗಳು ಕೊಳವೆಯ ಬಾಯಲ್ಲಿ ನಿಧಾನವಾಗಿ ಕೂರುತ್ತವೆ. ನಾವು ಅದನ್ನು ಉಜ್ಜಿ ತೆಗೆಯುತ್ತೇವೆ, ಹುಳಿಯಿಂದ ಕರಗಿಸುತ್ತೇವೆ. ಆದ್ದರಿಂದ ಚಿಕಿತ್ಸೆಯ ಮೊದಲ ಮೆಟ್ಟಿಲು ನಮ್ಮ ಬಚ್ಚಲಲ್ಲೇ ಇದೆ.

ಇದ್ದಿಲು, ಇಟ್ಟಿಗೆ ಪುಡಿ, ಹರಳುಪ್ಪು, ಹೊಗೆಸೊಪ್ಪಿನ ಪುಡಿ ಇವುಗಳಿಂದ ಹಲ್ಲು ತಿಕ್ಕುವುದನ್ನು ಬಿಡಿ. ಗಡುಸಾದ ಬ್ರಷ್ಷಿನಿಂದ ಪಾತ್ರೆ ಉಜ್ಜಿದ ಹಾಗೆ ಅಡ್ಡಡ್ಡ ಉಜ್ಜುವುದೂ ಬೇಡ. ಮೃದುವಾದ ಬ್ರಷ್ಷನ್ನು ಪೆನ್ನು ಹಿಡಿದಂತೆ ಹಗುರವಾಗಿ ಹಿಡಿದು, ವಸಡಿನ ಅಂಚಿನಲ್ಲಿ ಓರೆಯಾಗಿಟ್ಟು, ಸಣ್ಣಗೆ ಆಡಿಸಿ. ಎರಡೇ ತಿಂಗಳಲ್ಲಿ ಬ್ರಷ್ಷಿನ ಕೂದಲು ಹೊರಕ್ಕೆ ಬಾಗಿದ್ದರೆ, ನಿಮ್ಮ ಕೈ ಭಾರ ಹೆಚ್ಚಾಯಿತೆಂದು ತಿಳಿಯಿರಿ.

ಎರಡನೆಯದು ಹುಳಿ. ನಿಂಬೆಹಣ್ಣು, ಹುಣಸೆ, ಬಾಟಲಿಯ ತಂಪು ಪಾನೀಯ ಇವೆಲ್ಲ ಆಮ್ಲಗಳು. ಇವನ್ನು ಬಿಡಲೇಬೇಕೆಂದಲ್ಲ, ದಾವಣಗೆರೆಯಲ್ಲಿದ್ದುಕೊಂಡು ಮಂಡಕ್ಕಿಗೆ ನಿಂಬೆಹಣ್ಣು ಬೇಡವೆನ್ನಲು ನನಗೂ ಮನಸ್ಸಿಲ್ಲ. ಆದರೆ ದಿನವಿಡೀ ಗುಟುಕು ಗುಟುಕಾಗಿ ಹೀರುತ್ತಿರಬೇಡಿ. ತಿಂದಾದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಿ. ಹುಳಿ ತಿಂದ ಕೂಡಲೇ ಬ್ರಷ್ ಮಾಡಬೇಡಿ. ಆಮ್ಲದಿಂದ ಮೆತ್ತಗಾದ ಮೇಲ್ಮೈ ಉಜ್ಜಿದರೆ ಬೇಗ ಸವೆಯುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಉಜ್ಜುವುದು ಕ್ಷೇಮ.

ಎರಡನೆಯ ಮೆಟ್ಟಿಲು ಔಷಧಿಯುಕ್ತ ಟೂತ್‌ಪೇಸ್ಟ್. ಇವು ಎರಡು ಬಗೆ. ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟು ನರದ ಉದ್ರೇಕವನ್ನು ತಗ್ಗಿಸುತ್ತದೆ. ಸ್ಟ್ಯಾನಸ್ ಫ್ಲೋರೈಡ್, ಆರ್ಜಿನೈನ್, ಕ್ಯಾಲ್ಸಿಯಂ ಸೋಡಿಯಂ ಫಾಸ್ಫೋಸಿಲಿಕೇಟ್ ಮುಂತಾದವು ಕೊಳವೆಗಳ ಬಾಯಿ ಮುಚ್ಚುತ್ತವೆ. ಕೊಳ್ಳುವಾಗ ಹೆಸರಿಗಿಂತ ಟ್ಯೂಬಿನ ಮೇಲಿನ ಈ ಅಕ್ಷರಗಳನ್ನು ಓದಿ. ದಿನಕ್ಕೆರಡು ಬಾರಿ ಉಜ್ಜಿ, ನೊರೆಯನ್ನು ಉಗುಳಿ, ಮೇಲೆ ಲೋಟಗಟ್ಟಲೆ ನೀರಿನಿಂದ ಮುಕ್ಕಳಿಸಬೇಡಿ, ಔಷಧಿಯೆಲ್ಲ ಕೊಚ್ಚಿಹೋಗುತ್ತದೆ. ಎರಡು ದಿನಕ್ಕೆ ಗುಣ ಕಾಣಲಿಲ್ಲವೆಂದು ಬಿಡಬೇಡಿ. ಎರಡರಿಂದ ನಾಲ್ಕು ವಾರ ಬೇಕು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ ವೈದ್ಯರನ್ನು ಕೇಳದೆ ಇಂಥ ಪೇಸ್ಟು ಬೇಡ.

ಜಗಳೂರಿನ ಕಡೆಯವರು ಇಲ್ಲೊಂದು ಪ್ರಶ್ನೆ ಕೇಳಬಹುದು: "ನಮ್ಮ ಬೋರಿನ ನೀರಿನಲ್ಲೇ ಫ್ಲೋರೈಡ್ ಹೆಚ್ಚು, ಮತ್ತೆ ಫ್ಲೋರೈಡ್ ಹಚ್ಚಬೇಕೆ?" ನ್ಯಾಯವಾದ ಪ್ರಶ್ನೆ. ಹಲ್ಲಿನ ಮೇಲೆ ಕಂದು ಕಲೆ ಮೂಡುವುದು, ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಬಾಲ್ಯದಲ್ಲಿ ಆ ನೀರು ಹೊಟ್ಟೆಗೆ ಹೋದರೆ. ಬೆಳೆದವರು ಹಲ್ಲಿನ ಮೇಲ್ಮೈಗೆ ಹಚ್ಚಿ ಉಗುಳುವ ಫ್ಲೋರೈಡಿನಿಂದ ಆ ಕಲೆ ಬರುವುದಿಲ್ಲ. ಸಣ್ಣ ಮಕ್ಕಳು ಪೇಸ್ಟು ನುಂಗದಂತೆ ಮಾತ್ರ ನೋಡಿಕೊಳ್ಳಬೇಕು.

ಮೂರನೆಯ ಮೆಟ್ಟಿಲು ದಂತವೈದ್ಯರ ಕುರ್ಚಿ. ಕುರ್ಚಿ ಎಂದೊಡನೆ ಕೊರೆಯುವ ಯಂತ್ರದ ಸದ್ದು ನೆನಪಾಗಿ ಹಿಂಜರಿಯುವವರು ಬಹಳ. ಈ ತೊಂದರೆಗೆ ಸಾಮಾನ್ಯವಾಗಿ ಅದರ ಅಗತ್ಯವೇ ಬೀಳುವುದಿಲ್ಲ. ಹಲ್ಲನ್ನು ಒರೆಸಿ ಒಣಗಿಸಿ, ಸಣ್ಣ ಕುಂಚದಿಂದ ಫ್ಲೋರೈಡ್ ವಾರ್ನಿಷ್ ಬಳಿಯುತ್ತಾರೆ. ಕೆಲವೇ ನಿಮಿಷದ ಕೆಲಸ. ಕೆಲವು ತಿಂಗಳ ನಂತರ ಮತ್ತೆ ಬಳಿಸಬೇಕಾಗಬಹುದು. ಬುಡದಲ್ಲಿ ಹಳ್ಳ ಬಿದ್ದಿದ್ದರೆ ಹಲ್ಲಿನ ಬಣ್ಣದ ಸಿಮೆಂಟನ್ನು ತುಂಬುತ್ತಾರೆ. ಇದನ್ನೂ ಹಲವು ಬಾರಿ ಕೊರೆಯದೆಯೇ ಮಾಡಲು ಸಾಧ್ಯ. ಕೆಲವು ಕಡೆ ಲೇಸರ್ ಕಿರಣವನ್ನೂ ಬಳಸುತ್ತಾರೆ. ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ಹಲ್ಲಿಗೆ ತೊಡಿಸುವ ಕವಚ ಕೊಡುತ್ತಾರೆ. ನರ ತೆಗೆಯುವುದು, ಹಲ್ಲು ಕೀಳುವುದು ಇವೆಲ್ಲ ಬೇರೆ ದಾರಿ ಉಳಿಯದಾಗ ಮಾತ್ರ.

ಈ ವಿಷಯದಲ್ಲಿ ನಮ್ಮ ಭಾಗದವರು ಅದೃಷ್ಟವಂತರು. ದಾವಣಗೆರೆ ಒಂದೇ ಊರಿನಲ್ಲಿ ಎರಡು ದಂತವೈದ್ಯ ಕಾಲೇಜುಗಳಿವೆ. ಬಾಪೂಜಿ ದಂತ ಕಾಲೇಜು ಆರಂಭವಾದದ್ದು 1979ರಲ್ಲಿ, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ 1991ರಲ್ಲಿ. ಹರಿಹರದಿಂದ ಬಸ್ಸು ಹತ್ತಿದರೆ ಹದಿನಾಲ್ಕು ಕಿಲೋಮೀಟರಿನ ಆಸುಪಾಸಿನ ದಾರಿ. ಇಷ್ಟು ಹತ್ತಿರ ಆಸ್ಪತ್ರೆಗಳಿದ್ದೂ ಹಲ್ಲನ್ನು ತೋರಿಸದೆ ಕೂರುವುದು ಸರಿಯಲ್ಲ.

ಈಗ ನನ್ನ ತಪ್ಪಿಗೆ ಬರೋಣ. ನಾನು ಹೇಳಿದ ಪೇಸ್ಟಿನಿಂದ ದೊಡ್ಡಮ್ಮನ ಮೇಲಿನ ಕೋರೆಹಲ್ಲುಗಳ ಜುಂ ಒಂದು ತಿಂಗಳಲ್ಲಿ ಇಳಿಯಿತು. ಅವರಿಗೂ ಸಂತೋಷ, ನನಗೂ ಹೆಮ್ಮೆ. ಆದರೆ ಕೆಳಗಿನ ಒಂದು ದವಡೆಹಲ್ಲು ಮಾತ್ರ ಬಗ್ಗಲಿಲ್ಲ. ಕಾಫಿ ಕುಡಿದಿಟ್ಟ ಮೇಲೂ ಬಹಳ ಹೊತ್ತು ನೋವು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು. "ಇನ್ನೂ ಸ್ವಲ್ಪ ದಿನ ಉಜ್ಜಿ ನೋಡಿ ದೊಡ್ಡಮ್ಮ" ಎಂದೆ ನಾನು. ಕಡೆಗೆ ವೈದ್ಯರಿಗೆ ತೋರಿಸಿದಾಗ ತಿಳಿದದ್ದು, ಎರಡು ಹಲ್ಲುಗಳ ಸಂದಿಯಲ್ಲಿ ಹುಳುಕು ಹಿಡಿದು ಒಳಗಿನ ನರದವರೆಗೆ ಇಳಿದಿದೆ ಎಂದು. ಮೊದಲೇ ಬಂದಿದ್ದರೆ ಬರಿಯ ಸಿಮೆಂಟು ತುಂಬಿ ಮುಗಿಯುವ ಸಾಧ್ಯತೆಯಿತ್ತು ಎಂದರು. ಹಲ್ಲು ಉಳಿಯಿತು, ಆದರೆ ಬೇರುನಾಳದ ಚಿಕಿತ್ಸೆಗಾಗಿ ದೊಡ್ಡಮ್ಮ ಹಲವು ಬಾರಿ ದಾವಣಗೆರೆಗೆ ಓಡಾಡಬೇಕಾಯಿತು.

ಆದ್ದರಿಂದ ಇದಿಷ್ಟನ್ನು ನೆನಪಿಡಿ. ತಣ್ಣನೆಯದು ತಾಗಿದಾಗ ಚುಳ್ ಎಂದು ಬಂದು, ಅದು ಹೋದೊಡನೆ ಹೋಗುವ ನೋವು ಸಾಮಾನ್ಯವಾಗಿ ತೆರೆದ ಕೊಳವೆಗಳದ್ದು. ನಿಮಿಷಗಟ್ಟಲೆ ನಿಲ್ಲುವ ನೋವು, ತಾನಾಗಿಯೇ ಬರುವ ನೋವು, ಕಚ್ಚಿದಾಗ ಬರುವ ನೋವು, ಊತ, ವಸಡಿನ ರಕ್ತ ಇವು ಬೇರೆಯದೇ ಸೂಚನೆ. ಅಲ್ಲಿ ಪೇಸ್ಟನ್ನು ನಂಬಿ ಕಾಯಬೇಡಿ. ಲವಂಗದ ಎಣ್ಣೆಯೂ ನೋವನ್ನು ತುಸು ಹೊತ್ತು ಮರೆಸೀತೇ ಹೊರತು ಕಾರಣವನ್ನು ತೆಗೆಯದು. ನಾಲ್ಕು ವಾರದ ನಂತರವೂ ಜುಂ ನಿಲ್ಲದಿದ್ದರೆ ತೋರಿಸಿ. ಮೊದಲೇ ಒಮ್ಮೆ ತೋರಿಸಿಕೊಂಡು ಪೇಸ್ಟು ಆರಂಭಿಸಿದರೆ ಇನ್ನೂ ಒಳ್ಳೆಯದು.

ದೊಡ್ಡಮ್ಮ ಈಗ ಹೂಜಿಯ ತಣ್ಣೀರನ್ನು ಎರಡೂ ಕಡೆಯ ಹಲ್ಲಿಗೆ ತಾಗಿಸಿಕೊಂಡೇ ಕುಡಿಯುತ್ತಾರೆ. ಕೀಳಿಸಬೇಕೆಂದುಕೊಂಡಿದ್ದ ಹಲ್ಲುಗಳೆಲ್ಲ ಅವರ ಬಾಯಲ್ಲೇ ಇವೆ. ನಿಮ್ಮವೂ ಹಾಗೆಯೇ ಇರಲಿ.