ಬದುಕಿರುವವರ ಹೆಸರಿನ ಮುಂದೆ 'ಮೃತ'

(ನಮ್ಮ ಉಚಿತ ವಾಚನಾಲಯದ ಭಾನುವಾರದ ಉಪನ್ಯಾಸಮಾಲೆಯಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಈ ವೇದಿಕೆಯಿಂದ ಸಾಹಿತ್ಯದ ವಿಷಯವಾಗಿ ತಿಳಿದವರು ಮಾತನಾಡುವುದು ವಾಡಿಕೆ. ನಾನು ಮೆಟ್ರಿಕ್ ಮುಗಿಸಿ ಗಿರಣಿಯ ಕಚೇರಿಯಲ್ಲಿ ಗುಮಾಸ್ತನಾಗಿರುವವನು. ನನಗೆ ಪರಿಚಯವಿರುವುದು ಹಾಜರಿ ಪುಸ್ತಕ, ಪಗಾರ ಪಟ್ಟಿ, ಮತ್ತು ಅವುಗಳಲ್ಲಿ ನುಸುಳುವ ತಪ್ಪುಗಳು. ಆದ್ದರಿಂದ ಕಾರ್ಯದರ್ಶಿಗಳು ಮಾತನಾಡಬೇಕೆಂದು ಕೇಳಿದಾಗ ನನ್ನ ಕಸುಬಿಗೆ ಹತ್ತಿರವಾದ ವಿಷಯವನ್ನೇ ಆರಿಸಿಕೊಂಡೆ. ಬದುಕಿರುವ ಮನುಷ್ಯನನ್ನು ಕಾಗದಪತ್ರಗಳು ಸತ್ತವನೆಂದು ಬರೆದುಕೊಂಡರೆ ಆಗುವುದೇನು, ಮಾಡಬೇಕಾದದ್ದೇನು ಎಂಬುದೇ ಆ ವಿಷಯ.

ನಮ್ಮ ಕಡೆ ಒಂದು ನಂಬಿಕೆಯುಂಟು. ಬದುಕಿರುವವರು ತೀರಿಕೊಂಡರೆಂದು ಸುಳ್ಳು ಸುದ್ದಿ ಹಬ್ಬಿದರೆ ಅವರ ಆಯುಷ್ಯ ಹೆಚ್ಚುತ್ತದಂತೆ. ಸುದ್ದಿ ಬಾಯಿಂದ ಬಾಯಿಗೆ ಹೋಗುವವರೆಗೆ ಇದು ಸಮಾಧಾನದ ಮಾತೇ. ಆದರೆ ಅದು ದಾಖಲೆಗೆ ಏರಿತೆಂದರೆ ಆಯುಷ್ಯ ಹೆಚ್ಚುವುದು ಹಾಗಿರಲಿ, ಸಾಲ, ಪಿಂಚಣಿ, ಜಮೀನು ಒಂದೊಂದಾಗಿ ಕೈತಪ್ಪುತ್ತವೆ.

ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿ ಎಂಬವರ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. 1970ರ ದಶಕದ ನಡುವೆ ಅವರು ಬ್ಯಾಂಕಿನ ಸಾಲ ಪಡೆಯಲೆಂದು ಗುರುತಿನ ದಾಖಲೆಗಾಗಿ ಕಂದಾಯ ಕಚೇರಿಗೆ ಹೋದರು. ದಾಖಲೆಯ ಪ್ರಕಾರ ಅವರು ತೀರಿಕೊಂಡಿದ್ದರು! ಒಂದು ಎಕರೆಗೂ ಕಡಿಮೆಯ ಪಿತ್ರಾರ್ಜಿತ ಜಮೀನಿಗಾಗಿ ಚಿಕ್ಕಪ್ಪನೇ ಅಧಿಕಾರಿಗೆ ಲಂಚ ಕೊಟ್ಟು ಹಾಗೆ ಬರೆಸಿದ್ದನೆಂಬುದು ಅವರ ದೂರು. ತಾನು ಜೀವಂತನೆಂದು ತೋರಿಸಲು ಆತ ತನ್ನದೇ ಶವಸಂಸ್ಕಾರದ ಅಣಕ ನಡೆಸಿದರು. ಹೆಂಡತಿಗೆ ವಿಧವಾ ವೇತನ ಕೊಡಿರೆಂದು ಕೇಳಿದರು. 1989ರಲ್ಲಿ ರಾಜೀವ ಗಾಂಧಿಯವರ ಎದುರು ಚುನಾವಣೆಗೂ ನಿಂತರು. ತಮ್ಮಂಥವರನ್ನು ಕೂಡಿಸಿ 'ಮೃತಕ ಸಂಘ'ವನ್ನೇ ಕಟ್ಟಿದರು. ಕೊನೆಗೆ 1994ರಲ್ಲಿ ದಾಖಲೆ ತಿದ್ದಲ್ಪಟ್ಟಿತು. 2003ರಲ್ಲಿ ಅವರಿಗೆ ಇಗ್ ನೊಬೆಲ್ ಎಂಬ ವಿನೋದದ ಶಾಂತಿ ಪ್ರಶಸ್ತಿಯೂ ದೊರೆಯಿತು. ಕೇಳಿದರೆ ನಗು ಬರುತ್ತದೆ. ಆದರೆ ಸುಮಾರು ಹದಿನೆಂಟು ವರ್ಷಗಳ ಪ್ರಾಯ ಈ ಒಂದು ಅಕ್ಷರದ ಬೆನ್ನು ಹತ್ತಿ ಹೋಯಿತೆಂಬುದನ್ನು ಮರೆಯಬಾರದು.

ಅದು ದುರಾಸೆಯಿಂದ ಆದ ಕೆಲಸ. ಈಗ ನಮ್ಮನ್ನು ಕಾಡುವುದು ಹೆಚ್ಚಾಗಿ ಯಾರಿಗೂ ದುರುದ್ದೇಶವಿಲ್ಲದೆ ಆಗುವ ತಪ್ಪು. ನಾವು ಎಲ್ಲಿಯೇ ಸಾಲ ಮಾಡಲಿ, ಅದರ ಲೆಕ್ಕ ಸಾಲದ ಮಾಹಿತಿ ಸಂಸ್ಥೆಗಳಿಗೆ ಹೋಗುತ್ತದೆ. ನಮ್ಮ ದೇಶದಲ್ಲಿ ಇಂಥವು ನಾಲ್ಕು: ಸಿಬಿಲ್, ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಸಿಆರ್‌ಐಎಫ್ ಹೈಮಾರ್ಕ್. 2005ರ ಕಾಯಿದೆಯ ಪ್ರಕಾರ ರಿಸರ್ವ್ ಬ್ಯಾಂಕಿನ ಹತೋಟಿಯಲ್ಲಿ ಇವು ನಡೆಯುತ್ತವೆ. ಇವು 300ರಿಂದ 900ರವರೆಗೆ ನಮಗೆ ಅಂಕ ಹಾಕುತ್ತವೆ. ಹೊಸ ಸಾಲ ಕೇಳಿದಾಗ ಬ್ಯಾಂಕಿನವರು ನಮ್ಮ ಮುಖಕ್ಕಿಂತ ಮೊದಲು ನೋಡುವುದು ಈ ವರದಿಯನ್ನು. ಅದರಲ್ಲಿ 'ಮೃತ' ಎಂದಿದ್ದರೆ ಅಂಕ ಎಷ್ಟಿದ್ದರೇನು? ಸತ್ತವನಿಗೆ ಸಾಲ ಕೊಡುವವರಾರು?

ನಮ್ಮ ವಾಚನಾಲಯಕ್ಕೆ ಬರುವ ಹಿರಿಯರೊಬ್ಬರಿಗೆ ಒದಗಿದ್ದು ಇದೇ. ಅವರ ಒಪ್ಪಿಗೆಯಿಂದ, ಹೆಸರು ಹೇಳದೆ, ಇಲ್ಲಿ ಹೇಳುತ್ತಿದ್ದೇನೆ. ಅವರು ದರ್ಜಿಯ ಕೆಲಸ ಮಾಡಿದವರು. ಗಂಡ ಹೆಂಡಿರು ಜಂಟಿಯಾಗಿ ಮನೆಯ ಸಾಲ ಪಡೆದಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರು ಸಾಲ ಕೊಟ್ಟ ಸಂಸ್ಥೆಗೆ ಮರಣಪತ್ರ ಒಪ್ಪಿಸಿದರು. ಅಲ್ಲಿ ಒಬ್ಬರ ಹೆಸರಿನ ಮುಂದೆ ಮಾಡಬೇಕಾದ ಗುರುತನ್ನು ಇಡೀ ಖಾತೆಗೇ ಮಾಡಿಬಿಟ್ಟರು. ಎರಡು ವರ್ಷದ ತರುವಾಯ ಮಗಳ ನರ್ಸಿಂಗ್ ಓದಿಗೆ ಸಾಲ ಕೇಳಿದಾಗ ಅರ್ಜಿ ತಿರಸ್ಕಾರವಾಯಿತು. "ಮಾಮಾ, ನೀವು ಎದುರಿಗೇ ಕೂತಿದ್ದೀರಿ ನಿಜ, ಆದರೆ ಕಂಪ್ಯೂಟರ್ ಒಪ್ಪುವುದಿಲ್ಲ" ಎಂದ ಕಿಟಕಿಯ ಹುಡುಗ. ಎರಡು ತಿಂಗಳು ಅವರು ಆ ಕಚೇರಿಯಿಂದ ಈ ಕಚೇರಿಗೆ ಅಲೆದರು. ಎಲ್ಲರೂ "ನೋಡೋಣ" ಎಂದರು. ಒಬ್ಬರೂ ಒಂದು ಚೀಟಿ ಬರೆದುಕೊಡಲಿಲ್ಲ. ಅಷ್ಟರಲ್ಲಿ ಫೀಜಿನ ಕಡೆಯ ದಿನ ಬಂತು. ತೀರಿಹೋದ ಹೆಂಡತಿಯ ಎರಡು ಬಳೆಗಳನ್ನು ಒತ್ತೆಯಿಟ್ಟು ಹಣ ಕಟ್ಟಿದರು. "ಇದ್ದಾಗಲೂ ಅವಳೇ ಮನೆ ನಡೆಸಿದಳು, ಈಗಲೂ ಅವಳೇ" ಎಂದು ನಮ್ಮ ಮೇಜಿನ ಹತ್ತಿರ ಕೂತು ಅವರು ಅಂದದ್ದು ನನ್ನ ಕಿವಿಯಲ್ಲಿದೆ. ಆ ದಿನವೇ ಲಿಖಿತ ದೂರು ಕಳುಹಿಸಿದೆವು. ಇಪ್ಪತ್ತಾರನೆಯ ದಿನ ವರದಿ ಸರಿಯಾಯಿತು. ಎರಡು ತಿಂಗಳ ಅಲೆದಾಟ ಮಾಡದಿದ್ದ ಕೆಲಸವನ್ನು ಒಂದು ಹಾಳೆ ಮಾಡಿತು.

ತಪ್ಪು ಬರುವ ದಾರಿ ಇನ್ನೂ ಹಲವು. ಒಂದೇ ಹೆಸರಿನ ಇಬ್ಬರ ಖಾತೆ ಬೆರೆಯಬಹುದು. ಪ್ಯಾನ್ ಸಂಖ್ಯೆಯ ಒಂದು ಅಕ್ಷರ ಜಾರಬಹುದು. ಹೊರನಾಡಿನಲ್ಲಿರುವ ನಮಗೆ ಇನ್ನೊಂದು ತೊಡಕೂ ಇದೆ. ಊರಿನ ಶಾಲೆಯ ದಾಖಲೆಯಲ್ಲಿ ನಮ್ಮ ಹೆಸರಿನ ಹಿಂದೆ ಊರಿನ ಅಕ್ಷರ, ತಂದೆಯ ಅಕ್ಷರ. ಇಲ್ಲಿಗೆ ಬಂದ ಮೇಲೆ ಮರಾಠಿ ಪದ್ಧತಿಯಂತೆ ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಒಬ್ಬನೇ ಮನುಷ್ಯ ಮೂರು ಕಾಗದದಲ್ಲಿ ಮೂವರಾಗಿರುತ್ತಾನೆ. ಆಧಾರ್, ಪ್ಯಾನ್, ಬ್ಯಾಂಕ್ ಪುಸ್ತಕ ಈ ಮೂರರಲ್ಲಾದರೂ ಹೆಸರು ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು ಒಳ್ಳೆಯದು.

ಇದು ನಮ್ಮ ದೇಶದ ಜಾಡ್ಯ ಮಾತ್ರವೆಂದು ತಿಳಿಯಬೇಡಿ. ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆಗೆ ವರ್ಷಕ್ಕೆ ಮೂವತ್ತು ಲಕ್ಷಕ್ಕೂ ಹೆಚ್ಚು ಮರಣದ ವರದಿಗಳು ಬರುತ್ತವೆ. ತಪ್ಪಾಗುವುದು ನೂರಕ್ಕೆ ಒಂದರ ಮೂರನೆಯ ಒಂದು ಪಾಲಿಗಿಂತ ಕಡಿಮೆಯೆಂದು 2025ರಲ್ಲಿ ಆ ಇಲಾಖೆ ತಿಳಿಸಿತು. ಗುಮಾಸ್ತನ ಲೆಕ್ಕದಲ್ಲಿ ಇದು ಬಹಳ ಸಣ್ಣ ತಪ್ಪು. ಆದರೆ ಗುಣಿಸಿ ನೋಡಿದರೆ ವರ್ಷಕ್ಕೆ ಸುಮಾರು ಹತ್ತು ಸಾವಿರದವರೆಗೆ ಜನರಾದಾರು. ಆ ಹತ್ತು ಸಾವಿರದಲ್ಲಿ ಒಬ್ಬನಾದವನಿಗೆ ತಪ್ಪು ನೂರಕ್ಕೆ ನೂರು.

ಇನ್ನು ಮಾಡಬೇಕಾದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು, ವರದಿಯನ್ನು ತರಿಸಿಕೊಳ್ಳುವುದು. 2017ರಿಂದ ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆಯಾಗಿ ಕೊಡಬೇಕು. ಒಂದರಲ್ಲಿ ತಪ್ಪು ಕಂಡರೆ ಉಳಿದ ಮೂರನ್ನೂ ನೋಡಿ.

ಎರಡನೆಯದು, ಯಾವ ಖಾತೆಯ ಮುಂದೆ ತಪ್ಪಿದೆ, ಅದನ್ನು ಕಳುಹಿಸಿದವರು ಯಾರು ಎಂದು ಗುರುತಿಸುವುದು. ಸಾಲ ಕೊಟ್ಟವರು ಒಪ್ಪದೆ ಮಾಹಿತಿ ಸಂಸ್ಥೆ ತಾನಾಗಿ ತಿದ್ದಲಾರದು. ಆದ್ದರಿಂದ ಇಬ್ಬರಿಗೂ ಒಟ್ಟಿಗೆ ಬರೆಯಿರಿ. ಗುರುತಿನ ಪತ್ರದ ನಕಲನ್ನೂ, ಜಂಟಿ ಖಾತೆಯಾಗಿದ್ದರೆ ನಿಜವಾಗಿ ತೀರಿಕೊಂಡವರ ಮರಣಪತ್ರದ ನಕಲನ್ನೂ ಲಗತ್ತಿಸಿ.

ಮೂರನೆಯದು, ದೂರಿನ ಸಂಖ್ಯೆಯನ್ನೂ ತಾರೀಖನ್ನೂ ಜೋಪಾನ ಮಾಡುವುದು. ಮೂವತ್ತು ದಿನದೊಳಗೆ ಇತ್ಯರ್ಥವಾಗಬೇಕು. ಆಗದಿದ್ದರೆ ಆ ಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲಿನಿಂದ ಜಾರಿಗೆ ಬಂದಿದೆ. ಬಾಯಿಮಾತಿನ ದೂರಿಗೆ ತಾರೀಖಿಲ್ಲ. ತಾರೀಖಿಲ್ಲದ್ದಕ್ಕೆ ಮೂವತ್ತು ದಿನವೂ ಇಲ್ಲ.

ನಾಲ್ಕನೆಯದು, ಅಷ್ಟಕ್ಕೂ ಮಣಿಯದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು. 2022ರ ಸೆಪ್ಟೆಂಬರಿನಿಂದ ಮಾಹಿತಿ ಸಂಸ್ಥೆಗಳೂ ಅವರ ವ್ಯಾಪ್ತಿಗೆ ಬಂದಿವೆ. ಇದಕ್ಕೆ ಶುಲ್ಕವಿಲ್ಲ. ಹಣ ಕೊಟ್ಟರೆ ತಿದ್ದಿಸಿಕೊಡುತ್ತೇವೆನ್ನುವ ದಲ್ಲಾಳಿಗಳನ್ನು ಹತ್ತಿರ ಸೇರಿಸಬೇಡಿ. ಫೋನಿಗೆ ಬಂದ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ.

ಮರಣದ ನೋಂದಣಿಯೇ ತಪ್ಪಾಗಿ ಆಗಿದ್ದರೆ ದಾರಿ ಬೇರೆ. 1969ರ ಜನನ ಮರಣ ನೋಂದಣಿ ಕಾಯಿದೆಯ 15ನೆಯ ಕಲಮಿನಂತೆ ನೋಂದಣಾಧಿಕಾರಿಗಳು ಅದನ್ನು ತಿದ್ದಬಹುದು, ರದ್ದು ಮಾಡಬಹುದು. ಗಿರಣಿಯಿಂದ ನಿವೃತ್ತರಾಗಿ ಭವಿಷ್ಯನಿಧಿಯ ಪಿಂಚಣಿ ಪಡೆಯುವ ಹಿರಿಯರು ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡುವುದನ್ನು ಮರೆಯಬಾರದು. ಅದು ತಪ್ಪಿದರೆ ಪಿಂಚಣಿ ನಿಲ್ಲುತ್ತದೆ.

ಕೊನೆಯದಾಗಿ ಒಂದು ವಿಚಾರ. 1872ರ ಸಾಕ್ಷ್ಯ ಕಾಯಿದೆಯಲ್ಲಿ ಒಂದು ಕಲಮಿತ್ತು. 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಕಾಯಿದೆಯಲ್ಲಿಯೂ ಅದು ಉಳಿದಿದೆ. ಮೂವತ್ತು ವರ್ಷದೊಳಗೆ ಜೀವಂತನಾಗಿದ್ದನೆಂದು ತಿಳಿದ ಮನುಷ್ಯ ಸತ್ತಿದ್ದಾನೆಂದು ಯಾರು ಹೇಳುತ್ತಾರೋ, ರುಜುವಾತಿನ ಭಾರ ಅವರದು. ಎಷ್ಟು ನ್ಯಾಯವಾದ ಮಾತು! ಕಚೇರಿಯ ಕಿಟಕಿಯಲ್ಲಿ ಮಾತ್ರ ಈ ಭಾರ ತಲೆಕೆಳಗಾಗಿ ಬದುಕಿರುವವನ ಹೆಗಲಿಗೇ ಬೀಳುತ್ತದೆ. ಲೆಕ್ಕ ಬರೆಯುವ ನಮ್ಮಂಥವರು ಇದನ್ನು ನೆನಪಿಡಬೇಕು. ನಮಗೆ ಅದು ಒಂದು ಗೀಟು. ಪುಸ್ತಕದ ಆಚೆ ಒಬ್ಬರ ಮಗಳ ಓದು.

ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಪತ್ರಿಕೆಗಳ ಮೇಜಿನ ಪಕ್ಕದಲ್ಲಿ ನಾವು ಇಬ್ಬರು ಸ್ವಯಂಸೇವಕರು ಕುಳಿತಿರುತ್ತೇವೆ. ವರದಿ ತರಿಸಲು, ಅರ್ಜಿ ಬರೆಯಲು ಬರಬಾರದವರು ಯಾವ ಸಂಕೋಚವೂ ಇಲ್ಲದೆ ಬನ್ನಿ. ಕಾಗದಗಳ ಜೊತೆಗೆ ಕನ್ನಡಕವನ್ನು ತರಲು ಮರೆಯಬೇಡಿ.