ಹೆಣ್ಣುಮಕ್ಕಳೂ ವಿಜ್ಞಾನಾಭ್ಯಾಸವೂ





ಶ್ರೀಮಠದ ಈ ಮಹೋತ್ಸವದಲ್ಲಿ ವಿಚಾರಿಸತಕ್ಕ ವಿಷಯಗಳು ಅನೇಕವಿದ್ದರೂ ಪ್ರತಿಯೊಂದು ಮನೆಗೂ ಸಂಬಂಧಪಟ್ಟುದೊಂದಿದೆ. ಹೆಣ್ಣುಮಕ್ಕಳು ವಿಜ್ಞಾನ ಮತ್ತು ತಂತ್ರವಿದ್ಯೆಗಳ ಪದವಿಗಳನ್ನು ಆರಿಸಿಕೊಳ್ಳಬೇಕೆಂಬುದೇ ಅದು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಅನುಭಾವಗೋಷ್ಠಿಯೊಳಗೆ ಶರಣೆಯರಿಗೂ ಸ್ಥಾನವಿದ್ದಿತು. ನೂಲುವ ಕಾಯಕದ ಕದಿರ ರೆಮ್ಮವ್ವೆಯೂ ಆಯ್ದಕ್ಕಿ ಲಕ್ಕಮ್ಮನೂ ವಚನಗಳನ್ನು ರಚಿಸಿದರು. ಪತಿಯಾದ ಮಾರಯ್ಯನು ನಿತ್ಯದ ಅಳತೆಯನ್ನು ಮೀರಿ ಅಕ್ಕಿಯನ್ನು ತಂದಾಗ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದವಳು ಲಕ್ಕಮ್ಮ. ಅಳತೆಯನ್ನರಿತು, ತಪ್ಪನ್ನು ಕಂಡಲ್ಲಿ ಯಾರಿಗೂ ಅಂಜದೆ ನುಡಿಯುವ ಆ ಬುದ್ಧಿಯೇ ವಿಜ್ಞಾನಕ್ಕೂ ಬೇಕಾದ ಬುದ್ಧಿ. ಕಾಯಕದಲ್ಲಿ ಭೇದವನ್ನೆಣಿಸದ ಧರ್ಮದವರು ಕಾಯಕಕ್ಕೆ ದಾರಿಯಾದ ವಿದ್ಯೆಯಲ್ಲಿ ಭೇದವನ್ನೆಣಿಸುವುದು ಯುಕ್ತವೇ?

1933ರಲ್ಲಿ ಕಮಲಾ ಸೊಹೊನಿಯವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೆಣ್ಣೆಂಬ ಕಾರಣದಿಂದಲೇ ಮೊದಲು ಪ್ರವೇಶವು ದೊರೆಯಲಿಲ್ಲ. ಆಕೆಯು ಹಿಂಜರಿಯದೆ, ಒಂದು ವರ್ಷದ ಮಟ್ಟಿಗೆ ವಿಧಿಸಿದ ನಿಬಂಧನೆಗಳಿಗೊಪ್ಪಿ ಸೇರಿ, ಯೋಗ್ಯತೆಯನ್ನು ತೋರಿಸಿ, 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಡಾಕ್ಟರೇಟನ್ನು ಪಡೆದರು. ಮೈಸೂರು ಸೀಮೆಯ ರಾಜೇಶ್ವರಿ ಚಟರ್ಜಿಯವರು ಅಜ್ಜಿಯಾದ ಕಮಲಮ್ಮ ದಾಸಪ್ಪನವರು ಸ್ಥಾಪಿಸಿದ ಶಾಲೆಯಲ್ಲಿ ಓದನ್ನಾರಂಭಿಸಿ, ಅಮೆರಿಕೆಯ ಮಿಷಿಗನ್ನಿನಲ್ಲಿ ವ್ಯಾಸಂಗ ಮಾಡಿ ಬಂದು, ಅದೇ ವಿಜ್ಞಾನ ಸಂಸ್ಥೆಯಲ್ಲಿ ಸೂಕ್ಷ್ಮತರಂಗ ಇಂಜಿನಿಯರಿಂಗನ್ನು ಬೋಧಿಸಿದರು. 2019ರ ಚಂದ್ರಯಾನ-2ಕ್ಕೆ ಯೋಜನಾ ನಿರ್ದೇಶಕರಾಗಿದ್ದವರು ಎಂ. ವನಿತಾ ಎಂಬ ಮಹಿಳೆ.

ಹೊರಗಿನ ಬಾಗಿಲುಗಳು ಒಂದೊಂದಾಗಿ ತೆರೆದಿವೆ. ಐ.ಐ.ಟಿ.ಗಳಲ್ಲಿ 2018ರಿಂದ ಹೆಣ್ಣುಮಕ್ಕಳಿಗಾಗಿಯೇ ಹೆಚ್ಚುವರಿ ಸ್ಥಾನಗಳನ್ನು ಕಲ್ಪಿಸಲಾಯಿತು. ಸಿದ್ಧಗಂಗಾ ಮಠದ ಆಶ್ರಯದಲ್ಲಿ ತುಮಕೂರಿನಲ್ಲಿಯೂ, ಸುತ್ತೂರು ಮಠದ ಆಶ್ರಯದಲ್ಲಿ ಮೈಸೂರಿನಲ್ಲಿಯೂ 1963ರಲ್ಲಿಯೇ ಇಂಜಿನಿಯರಿಂಗ್ ಕಾಲೇಜುಗಳು ತಲೆಯೆತ್ತಿದವು. ಮುಚ್ಚಿರುವುದು ಮನೆಯ ಬಾಗಿಲು. ಅದೂ ಹುಡುಗಿಗೆ ಹದಿನೈದು ಹದಿನಾರು ತುಂಬುವಾಗ. ಪದವಿಪೂರ್ವ ತರಗತಿಯಲ್ಲಿ ಭೌತಶಾಸ್ತ್ರವನ್ನೂ ಗಣಿತವನ್ನೂ ಬಿಟ್ಟವಳಿಗೆ ಮುಂದೆ ಇಂಜಿನಿಯರಿಂಗ್ ಪದವಿಯು ಬಹುಮಟ್ಟಿಗೆ ಕೈತಪ್ಪಿದಂತೆಯೇ. ಪಟ್ಟಣವು ದೂರ, ಶುಲ್ಕವು ಹೆಚ್ಚು, ಮದುವೆಗೆ ಹಣ ಬೇಕು ಎಂಬ ಕಾರಣಗಳು ಸುಳ್ಳಲ್ಲ. ಆದರೆ ಅದೇ ಮನೆಯ ಮಗನಿಗೆ ಆ ಕಾರಣಗಳು ಅಡ್ಡಬರುವುದಿಲ್ಲವೇಕೆ? ಹೊಲವನ್ನು ಒತ್ತೆಯಿಟ್ಟಾದರೂ ಅವನನ್ನು ಓದಿಸುವ ತಂದೆಯು ಮಗಳ ಅಂಕಪಟ್ಟಿಯನ್ನೂ ಒಮ್ಮೆ ನೋಡಬೇಡವೇ?

ಆದುದರಿಂದ ತಾಯಿತಂದೆಗಳು ಮಗಳು ಆರಿಸಿಕೊಳ್ಳತಕ್ಕ ವಿಷಯವನ್ನು ಅವಳನ್ನೇ ಕೇಳಿ ನಿಶ್ಚಯಿಸಲಿ. ಪದವಿಯು ಮುಗಿಯುವವರೆಗೂ ವಿವಾಹದ ಮಾತನ್ನು ತಡೆಯಲಿ. ಅನುಕೂಲಸ್ಥರಾದ ಭಕ್ತರು ವಿದ್ಯಾರ್ಥಿನಿಯರ ಪ್ರಸಾದನಿಲಯಗಳಿಗೆ ನೆರವಾಗಲಿ. ಅನ್ನದಂತೆ ಅಕ್ಷರವೂ ಆಶ್ರಯವೂ ದಾಸೋಹವೇ ಆಗಿವೆ. ಕುಮಾರಿಯರು ಗಣಿತವು ಕಠಿನವೆಂಬ ಮಾತಿಗೆ ಅಂಜದಿರಲಿ. ಕಠಿನವಾದುದು ಗಂಡುಮಕ್ಕಳಿಗೂ ಕಠಿನವೇ. ಅಭ್ಯಾಸದಿಂದ ಇಬ್ಬರಿಗೂ ಅದು ವಶವಾಗುವುದು.

ಇಷ್ಟಾದರೆ ಈ ಉತ್ಸವದ ದೀಪವು ಮನೆಮನೆಯಲ್ಲಿಯೂ ಬೆಳಗೀತು.